ರೈಜೆನ್ 3600 ಬದಲಿಸಲೋ, 1660 ಸೂಪರ್ ಬದಲಿಸಲೋ? ಸದ್ಯಕ್ಕೆ ಒಂದಕ್ಕೆ ಮಾತ್ರ ಹಣವಿದೆ

ಘಟ್ಟದ ಮೇಲಿನವ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ನನ್ನ ಕಂಪ್ಯೂಟರ್ 2020ರಲ್ಲಿ ಜೋಡಿಸಿದ್ದು. ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 500 ವ್ಯಾಟಿನ ಪವರ್ ಸಪ್ಲೈ, 24 ಇಂಚಿನ 1080ಪಿ ಮಾನಿಟರ್, 144 ಹರ್ಟ್ಸ್.

ಸಂಜೆ ಹೊತ್ತು ಗೆಳೆಯರ ಜೊತೆ ಕೌಂಟರ್-ಸ್ಟ್ರೈಕ್ 2 ಆಡುತ್ತೇನೆ. ಶನಿವಾರ, ಭಾನುವಾರ ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2 ಮಾದರಿಯ ಕಥೆಯಿರುವ ಆಟಗಳು. ಎರಡರಲ್ಲೂ ಈಗ ತೃಪ್ತಿಯಿಲ್ಲ. ಸೈಬರ್‌ಪಂಕ್‌ನಲ್ಲಿ ಪೇಟೆಬೀದಿಗೆ ಇಳಿದರೆ ಚಿತ್ರ ಎಳೆದಂತಾಗುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ ಹೊಗೆ ಎದ್ದು ನಾಲ್ಕೈದು ಜನ ಒಟ್ಟಿಗೆ ಗುಂಡು ಹಾರಿಸತೊಡಗಿದರೆ, ಬೇಕಾದ ಆ ಕ್ಷಣದಲ್ಲೇ ತಡವರಿಸುತ್ತದೆ. ಇಂಡಿಯಾನಾ ಜೋನ್ಸ್ ಆಟವಂತೂ ಶುರುವಾಗುವುದೇ ಇಲ್ಲ.

ಸುಮಾರು 30 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಅಂಗಡಿಯವರು ಕಣ್ಣು ಮುಚ್ಚಿಕೊಂಡು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಎನ್ನುತ್ತಾರೆ. ಚಿಕ್ಕಪ್ಪನ ಮಗ, ಪ್ರೊಸೆಸರ್ ಹಳತು, ಎಂಥ ಕಾರ್ಡ್ ತಂದರೂ ಅದು ಕೆಲಸವಿಲ್ಲದೆ ಕೂರುತ್ತದೆ ಎನ್ನುತ್ತಾನೆ. ಎರಡು ಭಾಗಗಳ ಹೆಸರು ಕೊಟ್ಟರೆ ಶೇಕಡಾವಾರು ‘ಬಾಟಲ್‌ನೆಕ್’ (ಒಂದು ಭಾಗ ಇನ್ನೊಂದನ್ನು ಎಷ್ಟು ತಡೆಯುತ್ತದೆ ಎಂಬ) ಲೆಕ್ಕ ಹೇಳುವ ಜಾಲತಾಣದಲ್ಲಿ ಮೂರನೆಯದೇ ಉತ್ತರ. ಯಾರ ಮಾತು ಕೇಳಲಿ?

ಮೈಸೂರು ಫ್ರೇಮ್

ಕಾರ್ಡ್. ಎರಡನೇ ಮಾತಿಲ್ಲ. 1660 ಸೂಪರ್ 2019ರ ಅಕ್ಟೋಬರಿನ ಕಾರ್ಡ್. ಅದರಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರಿಸುವ) ಕೋರ್ ಇಲ್ಲ, ಕಡಿಮೆ ರೆಸಲ್ಯೂಷನ್‌ನ ಚಿತ್ರವನ್ನು ಹಿಗ್ಗಿಸಿ ಕೊಡುವ ಡಿಎಲ್‌ಎಸ್‌ಎಸ್ ನಡೆಯುವುದಿಲ್ಲ. ಇಂಡಿಯಾನಾ ಜೋನ್ಸ್ ಮತ್ತು ಡೂಮ್: ದಿ ಡಾರ್ಕ್ ಏಜಸ್ ಎರಡೂ ಯಂತ್ರಾಂಶದಲ್ಲೇ ರೇ ಟ್ರೇಸಿಂಗ್ ಇರಬೇಕೆಂದು ಕೇಳುತ್ತವೆ. ಪ್ರೊಸೆಸರ್ ಎಷ್ಟೇ ಒಳ್ಳೆಯದು ತಂದರೂ ಆ ಬಾಗಿಲು ತೆರೆಯುವುದಿಲ್ಲ.

ಎಂಟು ಕೋರ್

ಮೈಸೂರಿನವರು ಹೇಳಿದ ಸಂಗತಿ ನಿಜ, ಆದರೆ ತೀರ್ಮಾನ ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರು ದಿನವೂ ಆಡುವುದು ಕೌಂಟರ್-ಸ್ಟ್ರೈಕ್. ವಾರಕ್ಕೆ ಎರಡು ದಿನದ ಆಟಕ್ಕಾಗಿ ಉಳಿದ ದಿನಗಳ ಸಂಕಟವನ್ನು ಹಾಗೇ ಬಿಡುವುದೇ?

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಶಕ್ತಿ ಸಾಲದಿದ್ದರೆ ನಮ್ಮ ಕೈಯಲ್ಲಿ ಹತ್ತಾರು ಉಪಾಯಗಳಿವೆ. ನೆರಳಿನ ಗುಣಮಟ್ಟ ಇಳಿಸಬಹುದು, ರೆಸಲ್ಯೂಷನ್ ಇಳಿಸಬಹುದು, ಡಿಎಲ್‌ಎಸ್‌ಎಸ್‌ನಂತೆಯೇ ಚಿತ್ರ ಹಿಗ್ಗಿಸುವ ಎಫ್‌ಎಸ್‌ಆರ್ ಹಾಕಬಹುದು. ಪ್ರೊಸೆಸರ್ ಸಾಲದಿದ್ದರೆ ಇಳಿಸಲು ಹೆಚ್ಚೇನೂ ಸಿಗುವುದಿಲ್ಲ. ಸೈಬರ್‌ಪಂಕ್‌ನಲ್ಲಿ ಜನಸಂದಣಿಯ ಸೆಟ್ಟಿಂಗ್ ಒಂದಿದೆ, ಕೆಲವು ಆಟಗಳಲ್ಲಿ ದೂರದ ವಸ್ತುಗಳನ್ನು ಕಡಿಮೆ ಮಾಡಬಹುದು, ಅಷ್ಟೇ. ಆದ್ದರಿಂದ ಮೊದಲು ಪ್ರೊಸೆಸರ್ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ ಎಎಂ4 ಸಾಕೆಟ್. ಮದರ್‌ಬೋರ್ಡ್, ರ‍್ಯಾಮ್ ಯಾವುದನ್ನೂ ಬದಲಿಸದೆ ರೈಜೆನ್ 7 5700ಎಕ್ಸ್3ಡಿ ಕೂರಿಸಬಹುದು. ಎಂಟು ಕೋರ್, 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗೇ ಇರುವ ವೇಗದ ಮೆಮೊರಿ). ಕೌಂಟರ್-ಸ್ಟ್ರೈಕ್ ಆ ಕ್ಯಾಶ್ ಎಂದರೆ ಪ್ರಾಣ ಬಿಡುತ್ತದೆ.

ಹಳೇ ಮದರ್‌ಬೋರ್ಡ್

ಇಬ್ಬರ ವಾದದಲ್ಲೂ ತಿರುಳಿದೆ. ಆದರೆ ಇಬ್ಬರೂ ಅಳೆಯುವ ಮೊದಲೇ ಬಟ್ಟೆ ಕತ್ತರಿಸುತ್ತಿದ್ದೀರಿ. ಘಟ್ಟದ ಮೇಲಿನವರೇ, ಆ ಶೇಕಡಾ ಲೆಕ್ಕದ ಜಾಲತಾಣವನ್ನು ಮೊದಲು ಮರೆತುಬಿಡಿ. ನೀವು ಯಾವ ಆಟವನ್ನು, ಯಾವ ರೆಸಲ್ಯೂಷನ್‌ನಲ್ಲಿ, ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬೇಕೆಂದು ಆಡುತ್ತೀರಿ ಎಂಬುದು ಗೊತ್ತಿಲ್ಲದೆ ‘ಈ ಪ್ರೊಸೆಸರಿಗೆ ಈ ಕಾರ್ಡ್ ಇಷ್ಟು ಭಾರ’ ಎಂಬ ಒಂದೇ ಅಂಕಿಗೆ ಅರ್ಥವೇ ಇಲ್ಲ. ಅದೇ ಕಂಪ್ಯೂಟರಿನಲ್ಲಿ ಒಂದು ಆಟ ಕಾರ್ಡಿಗೆ ಕಾಯುತ್ತದೆ, ಇನ್ನೊಂದು ಪ್ರೊಸೆಸರಿಗೆ ಕಾಯುತ್ತದೆ. ನೀವು ವರ್ಣಿಸಿದ ಲಕ್ಷಣ ನೋಡಿದರೆ ನಿಮಗೆ ಎರಡೂ ಕಾಯಿಲೆ ಇರುವಂತೆ ಕಾಣುತ್ತದೆ.

ಪ್ರತಿ ಫ್ರೇಮಿಗೂ ಎರಡು ಹಂತದ ಕೆಲಸವಿದೆ. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎಲ್ಲಿಗೆ ತಾಗಿತು, ಗೋಡೆ ಹೇಗೆ ಉದುರಿತು, ಏನನ್ನೆಲ್ಲ ಚಿತ್ರಿಸಬೇಕು ಎಂಬುದನ್ನು ಪ್ರೊಸೆಸರ್ ಲೆಕ್ಕ ಹಾಕಿ ಕಾರ್ಡಿಗೆ ಆದೇಶಗಳನ್ನು ಕಳಿಸುತ್ತದೆ. ಕಾರ್ಡ್ ಅದನ್ನು ಚಿತ್ರವಾಗಿಸುತ್ತದೆ. ರೆಸಲ್ಯೂಷನ್ ಹೆಚ್ಚಿದರೆ ಎರಡನೆಯವರ ಕೆಲಸ ಹೆಚ್ಚುತ್ತದೆ. ಮೊದಲನೆಯವರ ಕೆಲಸ ಬಹುಮಟ್ಟಿಗೆ ಅಷ್ಟೇ ಇರುತ್ತದೆ. 144 ಹರ್ಟ್ಸ್ ತುಂಬಿಸಬೇಕಾದರೆ, ಅಂದರೆ ಸೆಕೆಂಡಿಗೆ 144 ಫ್ರೇಮ್ ಬೇಕಾದರೆ, ಒಂದು ಫ್ರೇಮಿಗೆ ಸಿಗುವುದು 6.9 ಮಿಲಿಸೆಕೆಂಡ್. 60 ಸಾಕೆಂದರೆ 16.7 ಮಿಲಿಸೆಕೆಂಡ್. ಎರಡು ಹಂತಗಳಲ್ಲಿ ಯಾವುದು ನಿಧಾನವೋ ಅದೇ ನಿಮ್ಮ ವೇಗ.

ಇದನ್ನು ಮನೆಯಲ್ಲೇ ಕಂಡುಕೊಳ್ಳುವುದು ಹೀಗೆ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಳ್ಳಿ, ಅದರ ಜೊತೆ ರಿವಾ ಟ್ಯೂನರ್ ಬರುತ್ತದೆ. ಆಟದ ಮೇಲೆಯೇ ಫ್ರೇಮ್ ಸಂಖ್ಯೆ, ಕಾರ್ಡ್ ಬಳಕೆ, ಕಾರ್ಡಿನ ಮೆಮೊರಿ, ಪ್ರೊಸೆಸರಿನ ಒಂದೊಂದು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಸಾಲು) ಬಳಕೆ, ತಾಪಮಾನ ಕಾಣುವಂತೆ ಇಡಿ. ನಿಮಗೆ ತೊಂದರೆ ಕೊಡುವ ಜಾಗಕ್ಕೇ ಹೋಗಿ ನಿಲ್ಲಿ. ಖಾಲಿ ಬಯಲಿನಲ್ಲಿ ಅಳೆದು ಪ್ರಯೋಜನವಿಲ್ಲ. ವಿಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ತೆಗೆದಿರಬೇಕು. ಕಾರ್ಡ್ ಬಳಕೆ 97ರಿಂದ 99 ಶೇಕಡಾ ತೋರಿಸುತ್ತಿದ್ದರೆ ಕಾರ್ಡೇ ನಿಮ್ಮ ಮಿತಿ. 60, 70ರಲ್ಲಿ ತೂಗಾಡುತ್ತಿದ್ದರೆ ಅದು ಕೆಲಸಕ್ಕಾಗಿ ಕಾಯುತ್ತಿದೆ ಎಂದರ್ಥ.

ಪ್ರೊಸೆಸರಿನ ಒಟ್ಟು ಬಳಕೆಯ ಅಂಕಿ ನೋಡಿ ಸಮಾಧಾನಪಡಬೇಡಿ. 3600ರಲ್ಲಿ 12 ಥ್ರೆಡ್ ಇವೆ. ಆಟದ ಮುಖ್ಯ ಥ್ರೆಡ್ ಒಂದೇ ಪೂರ್ತಿ ಉಸಿರುಗಟ್ಟಿದ್ದರೂ ಒಟ್ಟು ಲೆಕ್ಕದಲ್ಲಿ ಅದರ ಪಾಲು ಎಂಟು ಶೇಕಡಾ ಮಾತ್ರ. ‘ಪ್ರೊಸೆಸರ್ 40 ಶೇಕಡಾ ಮಾತ್ರ ಓಡುತ್ತಿದೆ, ಹಾಗಾಗಿ ಅದರದ್ದೇನೂ ತಪ್ಪಿಲ್ಲ’ ಎನ್ನುವವರು ಎಡವುವುದು ಇಲ್ಲೇ.

ಕೊನೆಯದಾಗಿ, ಅದೇ ಜಾಗದಲ್ಲಿ ನಿಂತು ರೆಸಲ್ಯೂಷನ್ 720ಪಿಗೆ ಇಳಿಸಿ, ಚಿತ್ರದ ಗುಣಮಟ್ಟ ತೀರಾ ಕೆಳಕ್ಕೆ ಇಳಿಸಿ. ಜನಸಂದಣಿ ಮಾತ್ರ ಮುಟ್ಟಬೇಡಿ. ಆಗ ಬರುವ ಫ್ರೇಮ್ ಸಂಖ್ಯೆ ಹೆಚ್ಚುಕಡಿಮೆ ನಿಮ್ಮ ಪ್ರೊಸೆಸರಿನ ಚಾವಣಿ. ನಾಳೆ ಎಷ್ಟೇ ದೊಡ್ಡ ಕಾರ್ಡ್ ತಂದರೂ ಆ ಜಾಗದಲ್ಲಿ ಅದಕ್ಕಿಂತ ಮೇಲೆ ಹೋಗಲಾರಿರಿ. ಹೊಸ ಕಾರ್ಡಿಗೆ ಹಣ ಕೊಡುವ ಮುನ್ನ ಉಚಿತವಾಗಿ ಸಿಗುವ ಉತ್ತರವಿದು.

ಕಡಲತಡಿ

ಅಳೆಯುವಾಗ ತಾಪಮಾನವನ್ನೂ ಬರೆದುಕೊಳ್ಳಿ. 3600ರ ಪೆಟ್ಟಿಗೆಯಲ್ಲಿ ಬಂದ ಪುಟ್ಟ ಕೂಲರ್ ಇನ್ನೂ ಅದೇ ಇದ್ದರೆ, ವರ್ಷಗಳ ಧೂಳು ಕೂತು ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಆ ಪ್ರೊಸೆಸರಿನ ಗರಿಷ್ಠ ಮಿತಿ 95 ಡಿಗ್ರಿ. ಅದರ ಹತ್ತಿರ ಹೋದಂತೆ ಅದೇ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ನಮ್ಮ ಉಡುಪಿ ಕಡೆ ಮಳೆಗಾಲದ ತೇವಕ್ಕೆ ಧೂಳು ಫಿನ್‌ಗಳ ನಡುವೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಊದಿದರೆ ಹೋಗುವುದಿಲ್ಲ, ಕುಂಚದಿಂದ ಬಿಡಿಸಬೇಕು. ಶಿರಸಿಯಲ್ಲೂ ಅದೇ ಕಥೆ ಇರಬೇಕು.

ಘಟ್ಟದ ಮೇಲಿನವ

ಹಳೇ ಮದರ್‌ಬೋರ್ಡ್ ಸರ್, ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಹೇಳಿದಂತೆಯೇ ಅಳೆದೆ.

ಸೈಬರ್‌ಪಂಕ್, ಜನ ತುಂಬಿದ ಮಾರುಕಟ್ಟೆಯ ಜಾಗ, 1080ಪಿ, ಹೈ ಸೆಟ್ಟಿಂಗ್: 45ರಿಂದ 50 ಫ್ರೇಮ್. ಕಾರ್ಡ್ ಬಳಕೆ 98, 99ರಲ್ಲೇ ನಿಂತಿತ್ತು. ಕಾರ್ಡಿನ 6 ಜಿಬಿ ಮೆಮೊರಿ ಬಹುತೇಕ ಭರ್ತಿ. ಅದೇ ಜಾಗದಲ್ಲಿ 720ಪಿ, ಎಲ್ಲವೂ ಲೋ: ಸುಮಾರು 75.

ಕೌಂಟರ್-ಸ್ಟ್ರೈಕ್, 1080ಪಿ, ಲೋ: ಸುಮ್ಮನೆ ಓಡಾಡುವಾಗ 150ರ ಆಸುಪಾಸು. ಹೊಗೆ, ಗುಂಡಿನ ಗಲಾಟೆಯಲ್ಲಿ 80ರ ಹತ್ತಿರಕ್ಕೆ ಬೀಳುತ್ತದೆ. ಆಗ ಕಾರ್ಡ್ ಬಳಕೆ 60 ದಾಟುವುದಿಲ್ಲ. 720ಪಿಗೆ ಇಳಿಸಿದರೂ ಸಂಖ್ಯೆ ಏನೂ ಬದಲಾಗಲಿಲ್ಲ.

ಪ್ರೊಸೆಸರ್ ತಾಪ 78ಕ್ಕಿಂತ ಮೇಲೆ ಹೋಗಲಿಲ್ಲ. ಇನ್ನೊಂದು ವಿಷಯ, ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮ್ ವೇಗ 2400 ಎಂದು ತೋರಿಸುತ್ತಿದೆ. ರ‍್ಯಾಮ್ ಮೇಲಿನ ಚೀಟಿಯಲ್ಲಿ 3200 ಎಂದಿದೆ. ಇದು ಸರಿಯೇ?

ಹಳೇ ಮದರ್‌ಬೋರ್ಡ್

ಸರಿಯಲ್ಲ. ನಿಮ್ಮ ಕೌಂಟರ್-ಸ್ಟ್ರೈಕ್ ಸಂಕಟದ ಒಂದು ಭಾಗ ಅಲ್ಲೇ ಇದೆ. ಜೋಡಿಸಿಕೊಟ್ಟವರು ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ತಂತ್ರಾಂಶದಲ್ಲಿ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಚೀಟಿಯ ಮೇಲಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಚಾಲೂ ಮಾಡದೆ ಬಿಟ್ಟಿದ್ದಾರೆ. ಇದು ಅಪರೂಪವೇನಲ್ಲ, ಕಂಪ್ಯೂಟರ್ ಆನ್ ಆಗಿ ವಿಂಡೋಸ್ ಬಂದರೆ ಕೆಲಸ ಮುಗಿಯಿತು ಎಂದು ಕೈತೊಳೆದುಕೊಳ್ಳುವವರು ಬಹಳ. ಗ್ರಾಹಕ ಹಣ ಕೊಟ್ಟಿದ್ದು 3200ಕ್ಕೆ, ಇಷ್ಟು ವರ್ಷ ಅವನಿಗೆ ಸಿಕ್ಕಿದ್ದು 2400. ನನಗೆ ಇದು ಸಿಟ್ಟು ಬರಿಸುವ ವಿಷಯ.

ರೈಜೆನ್‌ಗೆ ಇದು ಇನ್ನೂ ಮುಖ್ಯ. ಪ್ರೊಸೆಸರಿನ ಒಳಗಿನ ತುಂಡುಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ ರ‍್ಯಾಮಿನ ಗಡಿಯಾರದ ಜೊತೆಗೇ ಓಡುತ್ತದೆ. ರ‍್ಯಾಮ್ 3200 ಇದ್ದರೆ ಫ್ಯಾಬ್ರಿಕ್ 1600 ಮೆಗಾಹರ್ಟ್ಸ್, 2400 ಇದ್ದರೆ 1200. ರ‍್ಯಾಮ್ ಮಾತ್ರವಲ್ಲ, ಇಡೀ ಸಂಪರ್ಕವೇ ನಿಧಾನವಾಗಿದೆ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂದಿರುವುದನ್ನು ಚಾಲೂ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಎಂಬ ಹೆಸರಿದೆ. ಎರಡು ರ‍್ಯಾಮ್‌ಗಳೂ ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಗುಳಿಯಲ್ಲಿವೆಯೇ ನೋಡಿ. ಪಕ್ಕಪಕ್ಕದಲ್ಲಿದ್ದರೆ ಒಂದೇ ಚಾನೆಲ್‌ನಲ್ಲಿ ಓಡುತ್ತಿರಬಹುದು.

ಇನ್ನು ಸೈಬರ್‌ಪಂಕ್. ಅಲ್ಲಿ ಸಂಶಯವೇ ಇಲ್ಲ, ಕಾರ್ಡ್ ಪೂರ್ತಿ ಬಳಲಿದೆ. ಚಾವಣಿ 75, ಈಗಿನ ವೇಗ 48 ಎಂದಿಟ್ಟುಕೊಂಡರೆ ಒಂದೂವರೆ ಪಟ್ಟು ಏರಲು ಜಾಗವಿದೆ. ಎಕ್ಸ್‌ಎಂಪಿ ಹಾಕಿದ ಮೇಲೆ ಚಾವಣಿಯೂ ಸ್ವಲ್ಪ ಏರುತ್ತದೆ. ಮತ್ತೆ ಅಳೆದು ಹೇಳಿ.

ವಿದ್ಯುತ್ ಮಿತ್ರ

ಕಾರ್ಡ್ ಯಾವುದೆಂದು ನಿರ್ಧರಿಸುವ ಮುನ್ನ ಪವರ್ ಸಪ್ಲೈ ಯಾವ ದರ್ಜೆಯದು ಎಂದು ನೋಡಿ. ಮೇಲೆ 500 ವ್ಯಾಟ್ ಎಂದು ಬರೆದಿದ್ದರೆ ಸಾಲದು. ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದಿರುತ್ತದೆ. ಕಾರ್ಡ್, ಪ್ರೊಸೆಸರ್ ಎರಡೂ ಕುಡಿಯುವುದು ಅದೇ ಸಾಲಿನಿಂದ. ಕಾರ್ಡಿಗೆ ವಿದ್ಯುತ್ ಕೊಡುವ 8 ಪಿನ್‌ನ ಪಿಸಿಐಇ ಕೇಬಲ್ ಇದೆಯೇ ನೋಡಿ. ಮೋಲೆಕ್ಸ್ ಎಂಬ ಹಳೆಯ ಮಾದರಿಯ ಕೇಬಲ್‌ನಿಂದ 8 ಪಿನ್‌ಗೆ ಮಾಡಿದ ಪರಿವರ್ತಕ ಹಾಕಲೇಬೇಡಿ. ಆ ತಂತಿ ಬಿಸಿಯಾಗಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದನ್ನು ನನ್ನ ಕೈಯಲ್ಲೇ ಹಿಡಿದು ನೋಡಿದ್ದೇನೆ.

ಯುಪಿಎಸ್ ಲೆಕ್ಕವನ್ನೂ ಮಾಡಿಕೊಳ್ಳಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. 3600 ಪ್ರೊಸೆಸರ್ ಪೂರ್ತಿ ಓಡಿದರೆ 88 ವ್ಯಾಟ್ ತನಕ ಎಳೆಯಬಹುದು. 1660 ಸೂಪರ್ 125 ವ್ಯಾಟ್. ಹೊಸ ಕಾರ್ಡ್ 160ರದ್ದಾದರೆ, ಫ್ಯಾನ್, ಡಿಸ್ಕ್, ಮಾನಿಟರ್ ಎಲ್ಲ ಸೇರಿ 300 ದಾಟುತ್ತದೆ. ನಿಲ್ಲುತ್ತದೆ, ಆದರೆ ಬ್ಯಾಟರಿ ಹಳತಾಗಿದ್ದರೆ ಕರೆಂಟ್ ಹೋದ ಕೂಡಲೇ ಮಲಗಿಬಿಡುತ್ತದೆ. ಮಲೆನಾಡಿನ ಜೂನ್, ಜುಲೈ ನಿಮಗೆ ಗೊತ್ತೇ ಇದೆ.

ಪೂರ್ತಿ ಹೊಸದು

ಹಳೆಯ ಮನೆಗೆ ಎಷ್ಟು ದಿನ ತೇಪೆ ಹಾಕುತ್ತೀರಿ? ಎಎಂ4 ಬಂದದ್ದು 2016ರಲ್ಲಿ. ಇನ್ನು ಆರು ತಿಂಗಳು ಹಣ ಕೂಡಿಸಿ ಅದರ ನಂತರದ ಸಾಕೆಟ್ ಎಎಂ5ಗೆ ಹೋಗಿಬಿಡಿ. ಡಿಡಿಆರ್5, ಹೊಸ ಬೋರ್ಡ್, ಮುಂದೆ ಬರುವ ಪ್ರೊಸೆಸರ್‌ಗಳಿಗೂ ದಾರಿ.

ಹಳೇ ಮದರ್‌ಬೋರ್ಡ್

ಬೇರೆ ಕಾಲದಲ್ಲಾಗಿದ್ದರೆ ಈ ಸಲಹೆಯನ್ನು ನಾನೂ ಗಂಭೀರವಾಗಿ ತೂಗುತ್ತಿದ್ದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಏನಾಯಿತು ಎಂದು ನೋಡಿದ್ದೀರಲ್ಲ. ಎಐ ಸರ್ವರ್‌ಗಳಿಗೆ ಮೆಮೊರಿ ಕಾರ್ಖಾನೆಗಳ ಸರಕು ಹರಿದುಹೋಗಿ ಡಿಡಿಆರ್5 ಕೈಗೆಟುಕದಂತಾಯಿತು. ಮೈಕ್ರಾನ್ ಕಂಪನಿಯಂತೂ ಡಿಸೆಂಬರ್‌ನಲ್ಲಿ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಈ ಹೊತ್ತಿನಲ್ಲಿ ಓಡುತ್ತಿರುವ 16 ಜಿಬಿ ಡಿಡಿಆರ್4 ಕೈಯಲ್ಲಿರುವವರು ಅದನ್ನು ಬಿಟ್ಟು ಹೊಸ ರ‍್ಯಾಮ್ ಕೊಳ್ಳಬೇಕಾದ ದಾರಿಗೆ ಹೋಗಬಾರದು. 30 ಸಾವಿರದಲ್ಲಿ ಬೋರ್ಡ್, ರ‍್ಯಾಮ್, ಪ್ರೊಸೆಸರ್ ಮೂರೂ ತಂದರೆ 1660 ಸೂಪರ್ ಅಲ್ಲೇ ಉಳಿಯುತ್ತದೆ, ಇಂಡಿಯಾನಾ ಜೋನ್ಸ್ ಆಗಲೂ ಶುರುವಾಗುವುದಿಲ್ಲ.

ಎಂಟು ಕೋರ್

ಎಎಂ5 ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ 5700ಎಕ್ಸ್3ಡಿ ವಿಷಯ ಮರೆಯಬೇಡಿ. ಅಳತೆಯೇ ಹೇಳುತ್ತಿದೆ, ಕೌಂಟರ್-ಸ್ಟ್ರೈಕ್‌ನಲ್ಲಿ ಕಾರ್ಡ್ 60 ಶೇಕಡಾ ದಾಟುತ್ತಿಲ್ಲ. ಅಲ್ಲಿ ಹೊಸ ಕಾರ್ಡ್ ತಂದರೆ ಒಂದು ಫ್ರೇಮೂ ಹೆಚ್ಚುವುದಿಲ್ಲ.

ಎಸ್‌ಪಿ ರಸ್ತೆಯ ಗಿರಾಕಿ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಎಕ್ಸ್3ಡಿ ಚಿಪ್ ಒಳ್ಳೆಯದೇ, ಆದರೆ ಎಸ್‌ಪಿ ರಸ್ತೆಯಲ್ಲಿ ಹೊಸ ಪೆಟ್ಟಿಗೆ, ಸರಿಯಾದ ಬಿಲ್, ಇಲ್ಲಿನ ವಾರಂಟಿ ಮೂರೂ ಸೇರಿ ಸಿಗುವುದು ಕಷ್ಟವಾಗಿದೆ. ಸಿಕ್ಕರೂ ಅದರ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ, ಅದಕ್ಕೆ ಬೇರೆ ಹಣ. ಪ್ರೊಸೆಸರ್ ಬದಲಿಸುವುದೇ ಆದರೆ ಬೆಲೆಗೆ ತಕ್ಕ ಚಿಪ್ ರೈಜೆನ್ 5 5600. 3600ರಲ್ಲಿ 32 ಎಂಬಿ ಎಲ್3 ಕ್ಯಾಶ್ ಇದ್ದರೂ ಅದು 16, 16ರ ಎರಡು ಪಾಲಾಗಿದೆ. ಒಂದು ಪಾಲಿನ ಕೋರ್‌ಗೆ ಇನ್ನೊಂದು ಪಾಲಿನಲ್ಲಿರುವ ಮಾಹಿತಿ ಬೇಕಾದರೆ ಸುತ್ತಿಬಳಸಿ ಹೋಗಬೇಕು. 5600ರಲ್ಲಿ ಆರೂ ಕೋರ್‌ಗಳಿಗೆ 32 ಎಂಬಿ ಒಟ್ಟಾಗಿ ಸಿಗುತ್ತದೆ. ಆಟಗಳಲ್ಲಿ ಕಾಣುವ ವ್ಯತ್ಯಾಸದ ದೊಡ್ಡ ಪಾಲು ಅಲ್ಲಿಂದ ಬಂದದ್ದು.

ಕೊಳ್ಳುವಾಗ ಹೆಸರನ್ನು ಅಕ್ಷರ ಬಿಡದೆ ಓದಿ. ‘5600 ಇಲ್ಲ, 5600ಜಿ ಇದೆ, ಅದೂ ಒಂದೇ’ ಎನ್ನುವವರಿದ್ದಾರೆ. ಒಂದೇ ಅಲ್ಲ. 5600ಜಿ ಮತ್ತು 5500 ಎರಡರಲ್ಲೂ ಎಲ್3 ಕ್ಯಾಶ್ 16 ಎಂಬಿ ಮಾತ್ರ. ಎರಡೂ ಪಿಸಿಐಇ (ಪ್ರೊಸೆಸರ್ ಮತ್ತು ಕಾರ್ಡ್ ನಡುವಿನ ಸಂಪರ್ಕದ ದಾರಿ) 3ನೇ ತಲೆಮಾರಿನವು. ಗ್ರಾಫಿಕ್ಸ್ ಕಾರ್ಡ್ ಬೇರೆ ಇರುವವರು ಅವನ್ನು ಕೊಂಡು ಪ್ರಯೋಜನವಿಲ್ಲ.

ಮೈಸೂರು ಫ್ರೇಮ್

ಕಾರ್ಡಿನ ಕಡೆಗೆ ಬರೋಣ. ನನ್ನ ಸಲಹೆ ಆರ್‌ಟಿಎಕ್ಸ್ 5060. 145 ವ್ಯಾಟ್, ಡಿಎಲ್‌ಎಸ್‌ಎಸ್ ಇದೆ, ಫ್ರೇಮ್ ಜನರೇಷನ್ ಇದೆ. ಪ್ರೊಸೆಸರ್ ಹಿಂದೆಬಿದ್ದರೂ ಫ್ರೇಮ್ ಜನರೇಷನ್ ತುಂಬಿಸುತ್ತದೆ.

ಹಳೇ ಮದರ್‌ಬೋರ್ಡ್

ಫ್ರೇಮ್ ಜನರೇಷನ್ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ಪ್ರೊಸೆಸರ್ ಲೆಕ್ಕ ಹಾಕಿದ ಎರಡು ಫ್ರೇಮ್‌ಗಳ ನಡುವೆ ಕಾರ್ಡ್ ತಾನೇ ಒಂದನ್ನು ಊಹಿಸಿ ತುಂಬುತ್ತದೆ. ಕಣ್ಣಿಗೆ ನಯವಾಗಿ ಕಾಣುತ್ತದೆ. ಆದರೆ ನಡುವಿನ ಆ ಫ್ರೇಮ್‌ನಲ್ಲಿ ನಿಮ್ಮ ಮೌಸ್ ಚಲನೆ ಸೇರಿರುವುದಿಲ್ಲ, ಪ್ರತಿಕ್ರಿಯೆಯ ವಿಳಂಬ ಸ್ವಲ್ಪ ಹೆಚ್ಚುತ್ತದೆ. ಕುದುರೆ ಏರಿ ಬೆಟ್ಟ ಸುತ್ತುವ ಆಟಕ್ಕೆ ಚೆನ್ನ. ಹೊಗೆಯ ಮರೆಯಿಂದ ಹಠಾತ್ತನೆ ಎದುರಾಳಿ ಬರುವ ಆಟಕ್ಕೆ ಅದು ಮದ್ದಲ್ಲ. ಡಿಎಲ್‌ಎಸ್‌ಎಸ್ ಹಿಗ್ಗಿಸುವಿಕೆಯೂ ಕಾರ್ಡಿನ ಹೊರೆಯನ್ನು ಇಳಿಸುತ್ತದೆಯೇ ಹೊರತು ಪ್ರೊಸೆಸರಿನದನ್ನಲ್ಲ. ರೇ ಟ್ರೇಸಿಂಗ್ ಚಾಲೂ ಮಾಡಿದರಂತೂ ಪ್ರೊಸೆಸರಿನ ಕೆಲಸವೇ ಹೆಚ್ಚುತ್ತದೆ, ಏಕೆಂದರೆ ಬೆಳಕಿನ ಕಿರಣಗಳು ಹುಡುಕಾಡುವ ದೃಶ್ಯದ ವಿನ್ಯಾಸವನ್ನು ಪ್ರತಿ ಫ್ರೇಮಿಗೂ ಸಿದ್ಧಪಡಿಸುವುದರಲ್ಲಿ ಅದಕ್ಕೂ ಪಾಲಿದೆ.

5060 ಬಗ್ಗೆ ನನಗಿರುವ ಆತಂಕ ಬೇರೆ. ಅದು 8 ಜಿಬಿ ಕಾರ್ಡ್, ಪಿಸಿಐಇ ದಾರಿಯ 8 ಲೇನ್ (ಪಥ) ಮಾತ್ರ ಬಳಸುತ್ತದೆ. ಬಿ450 ಬೋರ್ಡ್ ಪಿಸಿಐಇ 3ನೇ ತಲೆಮಾರಿನದು. ಅಲ್ಲಿ 8 ಲೇನ್ ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿ. ಆಟಕ್ಕೆ ಬೇಕಾದದ್ದೆಲ್ಲ ಕಾರ್ಡಿನ ಮೆಮೊರಿಯಲ್ಲೇ ಹಿಡಿಸಿದರೆ ನಷ್ಟ ಅಲ್ಪ. ಹಿಡಿಸದಿದ್ದಾಗ ಕಾರ್ಡ್ ರ‍್ಯಾಮ್ ಕಡೆಗೆ ಓಡಬೇಕು, ಆಗ ಈ ಇಕ್ಕಟ್ಟಾದ ದಾರಿ ಕಾಡುತ್ತದೆ. ಫ್ರೇಮ್ ಸರಾಸರಿ ಚೆನ್ನಾಗಿಯೇ ಕಂಡು, ಆಗಾಗ ಅರೆಕ್ಷಣ ಗಕ್ಕನೆ ನಿಲ್ಲುವುದು ಅದರ ಗುರುತು. ಹಳೆಯ ಬೋರ್ಡ್ ಇರುವವರಿಗೆ ಕಾರ್ಡಿನ ಮೆಮೊರಿ ಹೆಚ್ಚಿರುವುದು, ಲೇನ್ 16 ಇರುವುದು ಹೊಸ ಬೋರ್ಡ್ ಇರುವವರಿಗಿಂತ ಮುಖ್ಯ. ಸ್ವಲ್ಪ ಕಾದು ಇನ್ನಷ್ಟು ಹಣ ಸೇರಿಸಲು ಆಗುವುದಾದರೆ ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿ ನೋಡಿ. 16 ಲೇನ್, 160 ವ್ಯಾಟ್. ಅದರದ್ದೇ 8 ಜಿಬಿ ಮಾದರಿಯೂ ಒಂದಿದೆ, ಹೆಸರು ಅದೇ. ಪೆಟ್ಟಿಗೆಯ ಮೇಲಿನ ಅಂಕಿ ನೋಡಿಯೇ ಹಣ ಕೊಡಿ.

ಕಡಲತಡಿ

ಇಂಟೆಲ್ ಆರ್ಕ್ ಬಿ580 ಹೇಗೆ? 12 ಜಿಬಿ ಇದೆ, ಬೆಲೆಯೂ ಹಿಡಿತದಲ್ಲಿದೆ.

ಎಸ್‌ಪಿ ರಸ್ತೆಯ ಗಿರಾಕಿ

ಹೊಸ ಪ್ರೊಸೆಸರ್ ಇರುವವರಿಗೆ ಒಳ್ಳೆಯ ಕಾರ್ಡ್. ಇವರಿಗೆ ಬೇಡ. ಅದರ ಡ್ರೈವರ್ ಪ್ರೊಸೆಸರಿನ ಮೇಲೆ ಹೊರೆ ಹಾಕುತ್ತದೆ ಎಂಬುದು 2025ರ ಆರಂಭದಲ್ಲಿ ಪರೀಕ್ಷಕರು ರೈಜೆನ್ 5600ರಂಥ ಚಿಪ್‌ಗಳಲ್ಲೇ ತೋರಿಸಿಕೊಟ್ಟ ವಿಷಯ. 3600 ಅದಕ್ಕಿಂತ ಹಿಂದಿನದು. ರಿಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ತಲುಪಲು ಬಿಡುವ ಸೌಲಭ್ಯ) ಇಲ್ಲದಿದ್ದರೆ ಇನ್ನೂ ಕುಸಿಯುತ್ತದೆ.

ಹಳೆಯ ಕಾರ್ಡ್ ಕೊಳ್ಳುವವರಿಗೂ ಒಂದು ಮಾತು. 2022ರ ಸೆಪ್ಟೆಂಬರ್ 15ರಂದು ಗ್ರಾಫಿಕ್ಸ್ ಕಾರ್ಡ್‌ಗಳಿಂದ ನಡೆಯುತ್ತಿದ್ದ ಎಥೇರಿಯಂ ಡಿಜಿಟಲ್ ಹಣದ ಗಣಿಗಾರಿಕೆ ನಿಂತ ಮೇಲೆ ಮಾರುಕಟ್ಟೆಗೆ ಬಂದ 3060, 6600 ಕಾರ್ಡ್‌ಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. 12 ಜಿಬಿಯ 3060 ಬಿ450 ಬೋರ್ಡಿಗೆ ಹೊಂದುವ ಕಾರ್ಡೇ, 16 ಲೇನ್ ಇದೆ. ಆದರೆ ನಿಮ್ಮೆದುರೇ ಅರ್ಧ ಗಂಟೆ ಭಾರದ ಆಟ ಓಡಿಸಿ ತೋರಿಸದೆ ಹಣ ಕೊಡಬೇಡಿ. ಜಿಪಿಯು-ಝಡ್ ತೆರೆದು ಚಿಪ್ ಹೆಸರು, ಮೆಮೊರಿ ನೋಡಿ. ಸೀರಿಯಲ್ ನಂಬರ್ ಚೀಟಿ ಕಿತ್ತಿದ್ದರೆ ವಾರಂಟಿ ಇಲ್ಲವೆಂದೇ ತಿಳಿಯಿರಿ. ಬಿಲ್ ಬೇಡವೆಂದರೆ 18 ಶೇಕಡಾ ಜಿಎಸ್‌ಟಿ ಉಳಿಯುತ್ತದೆ ಎಂದು ಆಸೆ ತೋರಿಸುವವರ ಹತ್ತಿರ ಹೊಸದನ್ನೂ ಕೊಳ್ಳಬೇಡಿ. ಕಾರ್ಡ್ ಕೆಟ್ಟ ದಿನ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಘಟ್ಟದ ಮೇಲಿನವ

ಎಕ್ಸ್‌ಎಂಪಿ ಚಾಲೂ ಮಾಡಿದೆ. ಈಗ 3200 ತೋರಿಸುತ್ತಿದೆ. ರ‍್ಯಾಮ್‌ಗಳು ಸರಿಯಾದ ಗುಳಿಯಲ್ಲೇ ಇದ್ದವು.

ಕೌಂಟರ್-ಸ್ಟ್ರೈಕ್ 170ರ ಹತ್ತಿರ ಓಡುತ್ತಿದೆ. ಹೊಗೆಯ ಗಲಾಟೆಯಲ್ಲಿ 100ಕ್ಕಿಂತ ಕೆಳಗೆ ಬೀಳುವುದು ಅಪರೂಪವಾಗಿದೆ. ತಡವರಿಕೆ ಪೂರ್ತಿ ಹೋಗಿಲ್ಲ, ಆದರೆ ನಿನ್ನೆ ಆಡುವಾಗ ವ್ಯತ್ಯಾಸ ಕೈಗೇ ಗೊತ್ತಾಯಿತು. ಒಂದು ರೂಪಾಯಿ ಖರ್ಚಿಲ್ಲದೆ! ಸೈಬರ್‌ಪಂಕ್‌ನ 720ಪಿ ಚಾವಣಿ 83ಕ್ಕೆ ಏರಿತು. 1080ಪಿ ಹೈ ಸೆಟ್ಟಿಂಗ್‌ನಲ್ಲಿ ಮಾತ್ರ ಮೊದಲಿನಷ್ಟೇ, 48.

ಹಳೇ ಮದರ್‌ಬೋರ್ಡ್

ಇದಕ್ಕಿಂತ ಸ್ವಚ್ಛವಾದ ಅಳತೆ ಬೇಡ. ರ‍್ಯಾಮ್ ವೇಗ ಏರಿದಾಗ ಪ್ರೊಸೆಸರಿಗೆ ಕಾಯುತ್ತಿದ್ದ ಎರಡೂ ಸಂಖ್ಯೆಗಳು ಏರಿದವು, ಕಾರ್ಡಿಗೆ ಕಾಯುತ್ತಿದ್ದ ಸಂಖ್ಯೆ ಅಲುಗಲಿಲ್ಲ.

ಇನ್ನು ನನ್ನ ಅಭಿಪ್ರಾಯ: ಕಾರ್ಡ್ ಮೊದಲು. ಎಂಟು ಕೋರ್ ಅವರ ಮಾತಿಗೆ ನಾನು ಬೆಲೆ ಕೊಡುತ್ತೇನೆ, ಪ್ರೊಸೆಸರಿನ ಕೊರತೆಯನ್ನು ಸೆಟ್ಟಿಂಗ್‌ನಿಂದ ಮುಚ್ಚಲಾಗದು ಎಂಬುದು ಅಪ್ಪಟ ಸತ್ಯ. ಆದರೆ ನಿಮ್ಮ ವಿಷಯದಲ್ಲಿ ಆ ಕೊರತೆಯ ಒಂದು ಪಾಲು ಈಗಾಗಲೇ ತುಂಬಿದೆ. ಕಥೆಯ ಆಟಗಳಿಗೆ 60 ಸಾಕು, ನಿಮ್ಮ ಚಾವಣಿ 83. ಇದು ಆಕಸ್ಮಿಕವಲ್ಲ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಒಳಗಿರುವುದೂ ನಿಮ್ಮ 3600ರ ಝೆನ್ 2 ತಲೆಮಾರಿನ ಕೋರ್‌ಗಳೇ. ಅಲ್ಲಿ ಎಂಟಿವೆ, ನಿಮ್ಮಲ್ಲಿ ಆರು. ಆ ಯಂತ್ರಗಳಲ್ಲಿ 60 ಫ್ರೇಮ್ ಓಡಲೆಂದು ಬರೆದ ಆಟ ನಿಮ್ಮ ಪ್ರೊಸೆಸರಿನಲ್ಲಿ ಅದರ ಹತ್ತಿರ ಓಡಬೇಕು. ಹೊಸ ಕಾರ್ಡಿಗೆ 83ರಾಚೆ ಶಕ್ತಿ ಮಿಕ್ಕರೆ ಅದು ವ್ಯರ್ಥವಲ್ಲ, ಅಲ್ಟ್ರಾ ಸೆಟ್ಟಿಂಗ್‌ಗೆ ಏರಿಸಿ ಚಿತ್ರದ ಚೆಲುವಿಗೆ ಬಳಸಿ. ಮುಂದೆ 1440ಪಿ ಮಾನಿಟರ್ ತಂದರೂ ಕಾರ್ಡ್ ಅದೇ ಸಾಕಾಗುತ್ತದೆ. ಬಳಿಕ ಕೈಯಲ್ಲಿ ಹಣ ಆಡಿದಾಗ 5600 ಹಾಕಿಸಿ, ಕೌಂಟರ್-ಸ್ಟ್ರೈಕ್ ಆಗ ಸುಧಾರಿಸುತ್ತದೆ.

ಎಂಟು ಕೋರ್

83 ನೋಡಿದ ಮೇಲೆ ಒಪ್ಪುತ್ತೇನೆ. ಚಾವಣಿ 55, 60 ಬಂದಿದ್ದರೆ ಪಟ್ಟು ಬಿಡುತ್ತಿರಲಿಲ್ಲ. ಒಂದು ಸಲಹೆ: ಕೌಂಟರ್-ಸ್ಟ್ರೈಕ್‌ನಲ್ಲಿ ಫ್ರೇಮ್ ಮಿತಿಯನ್ನು 140ಕ್ಕೆ ಕಟ್ಟಿ, ಮಾನಿಟರಿನಲ್ಲಿ ಫ್ರೀಸಿಂಕ್ (ಪರದೆಯ ವೇಗವನ್ನು ಫ್ರೇಮ್‌ಗೆ ಹೊಂದಿಸುವ ಸೌಲಭ್ಯ) ಇದ್ದರೆ ಚಾಲೂ ಮಾಡಿ. 170ರಿಂದ 100ಕ್ಕೆ ಬೀಳುವುದಕ್ಕಿಂತ 140ರಿಂದ 100ಕ್ಕೆ ಬೀಳುವುದು ಕೈಗೆ ಕಡಿಮೆ ತಿಳಿಯುತ್ತದೆ.

ಘಟ್ಟದ ಮೇಲಿನವ

ತೀರ್ಮಾನ ಮಾಡಿದೆ. ಇನ್ನೊಂದಿಷ್ಟು ಹಣ ಸೇರಿಸಿ 9060 ಎಕ್ಸ್‌ಟಿ 16 ಜಿಬಿ. ಪವರ್ ಸಪ್ಲೈ ಪಟ್ಟಿ ನೋಡಿದೆ, 12 ವೋಲ್ಟ್ ಸಾಲಿನಲ್ಲಿ 38 ಆಂಪಿಯರ್ ಇದೆ, 8 ಪಿನ್ ಕೇಬಲ್ ಇದೆ. ಯುಪಿಎಸ್ ಬ್ಯಾಟರಿ ಬದಲಿಸಬೇಕು.

ಮುಂದೆ 5600 ಹಾಕುವಾಗ ಏನು ಎಚ್ಚರ ಬೇಕು? ಶಿರಸಿಯಲ್ಲಿ ಇದನ್ನು ಮಾಡಿಕೊಡುವವರು ಗೊತ್ತಿಲ್ಲ, ನಾನೇ ಮಾಡಬೇಕು.

ವಿದ್ಯುತ್ ಮಿತ್ರ

38 ಆಂಪಿಯರ್ ಎಂದರೆ 456 ವ್ಯಾಟ್. ಧಾರಾಳವಾಗಿ ಸಾಕು.

ಹಳೇ ಮದರ್‌ಬೋರ್ಡ್

5600ಕ್ಕೆ ಬಯಾಸ್ ಹೊಸದಾಗಿರಬೇಕು. 3600 ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಿ, ಯುಪಿಎಸ್ ಬ್ಯಾಟರಿ ಬದಲಿಸಿದ ಮೇಲೆ, ಮಳೆ ಗಾಳಿ ಇಲ್ಲದ ದಿನ. ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೆ ಹೋಗಬಹುದು. ಅಪ್‌ಡೇಟ್ ಆದ ಮೇಲೆ ಬಯಾಸ್ ಸೆಟ್ಟಿಂಗ್‌ಗಳೆಲ್ಲ ಮೊದಲಿನ ಸ್ಥಿತಿಗೆ ಮರಳುತ್ತವೆ, ಎಕ್ಸ್‌ಎಂಪಿ ಮತ್ತೆ ಚಾಲೂ ಮಾಡಬೇಕು.

ಕೂಲರ್ ತೆಗೆಯುವ ಮುನ್ನ ಸ್ವಲ್ಪ ಹೊತ್ತು ಆಟ ಆಡಿ ಕಂಪ್ಯೂಟರ್ ಬಿಸಿ ಮಾಡಿ. ನಂತರ ಆಫ್ ಮಾಡಿ ವೈರ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವುತ್ತ ಸಡಿಲಿಸಿ. ನೇರವಾಗಿ ಮೇಲಕ್ಕೆ ಎಳೆಯಬೇಡಿ. ಎಎಂ4ನಲ್ಲಿ ಪಿನ್‌ಗಳಿರುವುದು ಪ್ರೊಸೆಸರಿನಲ್ಲಿ. ಒಣಗಿದ ಪೇಸ್ಟ್ ಹಿಡಿದುಕೊಂಡಿದ್ದರೆ, ಸಾಕೆಟ್ಟಿನ ಸನ್ನೆ ಮುಚ್ಚಿದ್ದರೂ ಪ್ರೊಸೆಸರ್ ಕೂಲರಿನ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಹೊಸ ಚಿಪ್ಪಿನ ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತಾನಾಗಿ ಇಳಿಯುತ್ತದೆ. ಒತ್ತುವ ಅಗತ್ಯವಿಲ್ಲ.

ಮೊದಲ ಸಲ ಆನ್ ಮಾಡಿದಾಗ ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಡಿಸ್ಕಿನ ಬೀಗದ ಕೀಗಳನ್ನು ಕಾಯುವ ಭದ್ರತಾ ಭಾಗ) ಅಳಿಸಲು ವೈ, ಉಳಿಸಲು ಎನ್ ಒತ್ತಿ ಎಂಬ ಕಪ್ಪು ಪರದೆ ಬರಬಹುದು. ಅದನ್ನು ಕಂಡು ಗಾಬರಿಯಾಗಬೇಡಿ, ಅವಸರದಲ್ಲಿ ಯಾವುದನ್ನೂ ಒತ್ತಲೂಬೇಡಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದ್ದರೆ, ವೈ ಒತ್ತಿದ ಮೇಲೆ ಡಿಸ್ಕ್ ತೆರೆಯಲು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆದ್ದರಿಂದ ಪ್ರೊಸೆಸರ್ ಬದಲಿಸುವ ಹಿಂದಿನ ದಿನವೇ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಇದೆಯೇ ನೋಡಿ, ಇದ್ದರೆ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದು ಕೈಯಲ್ಲಿದ್ದರೆ ಧೈರ್ಯವಾಗಿ ವೈ ಒತ್ತಿ.